ಇಪ್ಪತ್ತು ಗಂಟೆಯ ಹಾಳೆ: ಆಲೂರು ಕಡೆಯ ಒಂದು ಮನೆ, ಇಂಗ್ಲೆಂಡಿನ ಒಂದು ಅಡುಗೆಕೋಣೆ

ಹಾಸನದಲ್ಲಿ ತೆರಿಗೆ ರಿಟರ್ನ್, ಜಿಎಸ್‌ಟಿ, ಬ್ಯಾಂಕ್ ಸಾಲದ ಕಾಗದಪತ್ರ ನೋಡಿಕೊಂಡು ಬದುಕುವವನು ನಾನು. ವೀಸಾ ನನ್ನ ಕಸುಬಲ್ಲ. ಆದರೆ ಮಕ್ಕಳನ್ನು ಹೊರದೇಶಕ್ಕೆ ಓದಲು ಕಳಿಸುವವರು ಕನ್ಸಲ್ಟೆನ್ಸಿಯಿಂದ ಇಳಿದವರೇ ನೇರ ನಮ್ಮಂಥವರ ಮೆಟ್ಟಿಲು ಹತ್ತುತ್ತಾರೆ. ಆದಾಯದ ದಾಖಲೆ ಬೇಕು, ಸಾಲಕ್ಕೆ ಖರ್ಚಿನ ಅಂದಾಜು ಬೇಕು. ಇಂಗ್ಲೆಂಡಿಗೆ ಓದಲು ಹೋದ ಹುಡುಗನೊಬ್ಬ ವಾರಕ್ಕೆ 20 ಗಂಟೆ ಎಂಬ ಕೆಲಸದ ಗಡಿ ದಾಟಿದ ಈ ಪ್ರಕರಣದಲ್ಲಿ ನಾನು ದಡದಲ್ಲಿ ನಿಂತು ನೋಡಿದವನಲ್ಲ. ತಪ್ಪು ಲೆಕ್ಕದ ಮೊದಲ ಹಾಳೆ ನನ್ನ ಕೈಬರಹದ್ದೇ. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಹಿಡಿಯಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಮನೆ, ಶುಂಠಿ, ಹಾಳೆ

ಆಲೂರು ತಾಲ್ಲೂಕಿನ ಕುಟುಂಬ. ಸ್ವಂತದ್ದು ಮೂರೂವರೆ ಎಕರೆ, ಅದರಲ್ಲಿ ಒಂದಿಷ್ಟು ಕಾಫಿ, ಉಳಿದದ್ದು ಜೋಳ. ಅದು ಸಾಲದೆ ಗುತ್ತಿಗೆಗೆ ಹಿಡಿದ ಜಮೀನಿನಲ್ಲಿ ಶುಂಠಿ. 2023ರಲ್ಲಿ ಶುಂಠಿಗೆ ಬಂದ ಬೆಲೆ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಆ ವರ್ಷ ಶುಂಠಿ ಇದ್ದವರ ಮನೆ ಮುಂದೆಲ್ಲ ಒಂದೋ ಹೊಸ ಕಾರು ನಿಂತಿತು, ಇಲ್ಲ ತಾರಸಿ ಎದ್ದಿತು. ಈ ಮನೆಯವರು ಎರಡನ್ನೂ ಮಾಡಲಿಲ್ಲ. ಇಂಜಿನಿಯರಿಂಗ್ ಮುಗಿಸಿದ್ದ ಮಗನನ್ನು ಒಂದು ವರ್ಷದ ಎಂ.ಎಸ್ಸಿ.ಗೆ ಇಂಗ್ಲೆಂಡಿಗೆ ಕಳಿಸುವ ಯೋಚನೆ ಮಾಡಿದರು. ಉತ್ತರದ ಕಡೆಯ ಒಂದು ನಗರ, ಲಂಡನ್ ಅಲ್ಲ.

ಫೀಸು 17,500 ಪೌಂಡ್. ಆಗಿನ ದರದಲ್ಲಿ ಹದಿನೆಂಟು ಲಕ್ಷದ ಮೇಲೆ. ವೀಸಾ ಶುಲ್ಕ 490 ಪೌಂಡ್, ಅಲ್ಲಿನ ಆರೋಗ್ಯ ಸೇವೆಗೆ ಮುಂಗಡವಾಗಿ ಕಟ್ಟಬೇಕಾದ 1,164 ಪೌಂಡ್ ಬೇರೆ. ಮನೆ ಅಡವಿಟ್ಟು 22 ಲಕ್ಷ ಸಾಲ ಎತ್ತಿದರು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ರಿಟರ್ನ್ ಇಲ್ಲ, ರಿಟರ್ನ್ ಇಲ್ಲದವನಿಗೆ ಬ್ಯಾಂಕು ಹತ್ತು ಸಲ ತಿರುಗಿಸುತ್ತದೆ. ಅಪ್ಪ ನನ್ನ ಹತ್ತಿರ ಬಂದದ್ದೇ ಆ ಕಾರಣಕ್ಕೆ.

ಫೀಸಿನ ಜೊತೆಗೆ ಬದುಕಲು ದುಡ್ಡಿದೆ ಎಂದೂ ತೋರಿಸಬೇಕಿತ್ತು. 2024ರ ಆ ಹೊತ್ತಿನ ನಿಯಮದಂತೆ ಲಂಡನ್ ಹೊರಗೆ ಓದುವವರು ತಿಂಗಳಿಗೆ 1,023 ಪೌಂಡಿನಂತೆ ಒಂಬತ್ತು ತಿಂಗಳಿಗೆ 9,207 ಪೌಂಡ್ ತೋರಿಸಬೇಕು. ಆ ಹಣ 28 ದಿನ ಅಲುಗಾಡದೆ ಖಾತೆಯಲ್ಲಿರಬೇಕು. ಇವರ ಕೈಯಲ್ಲಿದ್ದದ್ದು ನಾಲ್ಕು ಲಕ್ಷ. ಉಳಿದ ಆರು ಲಕ್ಷ ಚಿಲ್ಲರೆ ಸೋದರಮಾವ ಮತ್ತು ಒಬ್ಬ ಷಡ್ಡಕನ ಖಾತೆಯಿಂದ ಬಂದು, 28 ದಿನ ಕೂತು, ವೀಸಾ ಬಂದ ವಾರವೇ ಬಂದ ದಾರಿ ಹಿಡಿಯಿತು. ಇದು ನನಗೆ ಗೊತ್ತಿತ್ತು. ಎಲ್ಲರೂ ಮಾಡುತ್ತಾರಲ್ಲ ಎಂದು ಸುಮ್ಮನಾದೆ.

ಹಾಗಾದರೆ ಹುಡುಗ ಅಲ್ಲಿ ಉಣ್ಣುವುದು ಯಾವ ದುಡ್ಡಿನಲ್ಲಿ? ಅಪ್ಪ ಕೇಳಿದ ಪ್ರಶ್ನೆ ಇದೇ. ಕನ್ಸಲ್ಟೆನ್ಸಿಯ ಬಣ್ಣದ ಕಾಗದದಲ್ಲಿ ಉತ್ತರವಿತ್ತು: ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು, ರಜೆಯಲ್ಲಿ ಪೂರ್ಣಾವಧಿ. ನಾನು ಕ್ಯಾಲ್ಕುಲೇಟರ್ ಹಿಡಿದೆ. ವರ್ಷಕ್ಕೆ 52 ವಾರ, ವಾರಕ್ಕೆ 20, ಒಟ್ಟು 1,040 ಗಂಟೆ. ಬೇಸಿಗೆ ರಜೆಯ 12 ವಾರ ಇನ್ನೂ 20ರಂತೆ 240. ಎಲ್ಲ ಸೇರಿ 1,280. ಆಗ ಅಲ್ಲಿ 21 ದಾಟಿದವರ ಕನಿಷ್ಠ ಕೂಲಿ ಗಂಟೆಗೆ 11.44 ಪೌಂಡ್. ಗುಣಿಸಿದರೆ 14,643. ರೂಪಾಯಿಗೆ ತಿರುಗಿಸಿದರೆ ಹದಿನೈದು ಲಕ್ಷ ಮೀರಿತು. ಕೆಳಗೆ ಎರಡು ಗೆರೆ ಎಳೆದು ಹಾಳೆ ಕೊಟ್ಟೆ. ಅಪ್ಪ ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. ಮುಖದಲ್ಲಿ ಬೆಳಕಿತ್ತು. ನನಗೂ ಒಂದು ಒಳ್ಳೆಯ ಕೆಲಸ ಮಾಡಿದ ಸಮಾಧಾನ.

ಆ ಹಾಳೆಯಲ್ಲಿ ಮೂರು ತಪ್ಪುಗಳಿದ್ದವು. ಇಳಿದ ದಿನವೇ ಕೆಲಸ ಸಿಗುತ್ತದೆ ಎಂದು ಹಿಡಿದದ್ದು ಒಂದು. ಎಂ.ಎಸ್ಸಿ.ಯವರಿಗೆ ಬೇಸಿಗೆ ರಜೆ ಇದೆ ಎಂದು ನಂಬಿದ್ದು ಇನ್ನೊಂದು. ಮೂರನೆಯದೇ ದೊಡ್ಡದು. ಅಲ್ಲಿ ದುಡಿಯಬಹುದಾದ ಹಣವನ್ನು ಜೀವನ ನಿರ್ವಹಣೆಯ ಲೆಕ್ಕಕ್ಕೆ ಸೇರಿಸಲು ವೀಸಾ ನಿಯಮವೇ ಬಿಡುವುದಿಲ್ಲ. ಕೆಲಸ ಇಲ್ಲದೆಯೂ ಬದುಕಬಲ್ಲೆ ಎಂದು ತೋರಿಸಿದವನಿಗೆ ಮಾತ್ರ ಕೆಲಸದ ಅನುಮತಿ. ನಾನು ಅದನ್ನು ಬುಡಮೇಲು ಮಾಡಿ, ಕೆಲಸದ ಮೇಲೆಯೇ ಬದುಕು ನಿಲ್ಲಿಸಿದ್ದೆ.

ಮೊದಲ ಹತ್ತು ವಾರ

2024ರ ಸೆಪ್ಟೆಂಬರ್ ಕೊನೆಗೆ ಹುಡುಗ ಹೋದ. ಮೊದಲ ಗಾಬರಿ ಒಂದು ಕಾರ್ಡಿನದ್ದು. ಅಲ್ಲಿ ಕೊಟ್ಟ ವಾಸದ ಅನುಮತಿ ಕಾರ್ಡಿನ ಮೇಲೆ 31 ಡಿಸೆಂಬರ್ 2024 ಎಂದು ಅವಧಿ ಮುದ್ರಿಸಿತ್ತು. ಫೋಟೊ ನೋಡಿದ ಅಪ್ಪ ಬೆಳಿಗ್ಗೆ ಏಳಕ್ಕೇ ಫೋನ್ ಮಾಡಿದರು, ಮೂರು ತಿಂಗಳಿಗೆ ವಾಪಸ್ ಬರಬೇಕಂತೆ ಸಾರ್ ಅಂತ. ಆಗಿದ್ದು ಇಷ್ಟೇ. ಬ್ರಿಟನ್ ಆ ಪ್ಲಾಸ್ಟಿಕ್ ಕಾರ್ಡುಗಳನ್ನೇ ಕೈಬಿಟ್ಟು ಇ-ವೀಸಾಕ್ಕೆ ಹೋಗುತ್ತಿತ್ತು. ವೀಸಾ ಎಷ್ಟೇ ಉದ್ದವಿರಲಿ ಕಾರ್ಡಿಗೆ ಅದೇ ದಿನಾಂಕ. ಕೆಲಸ ಕೊಡುವವರು ಕಾರ್ಡು ಕೇಳುವುದೂ ಇಲ್ಲ. ಸರ್ಕಾರದ ಜಾಲತಾಣದಲ್ಲಿ ನಾವು ತೆಗೆದುಕೊಡುವ ಶೇರ್ ಕೋಡ್ ಹಾಕಿ, ಈತನಿಗೆ ಕೆಲಸದ ಹಕ್ಕಿದೆಯೇ, ಎಷ್ಟು ಗಂಟೆ ಎಂದು ಅವರೇ ನೋಡಿಕೊಳ್ಳುತ್ತಾರೆ.

ಎರಡನೆಯದು ಗಾಬರಿಯಲ್ಲ, ನಷ್ಟ. ನ್ಯಾಷನಲ್ ಇನ್ಶೂರೆನ್ಸ್ (ಸಂಬಳದಿಂದ ಹಿಡಿಯುವ ಅಲ್ಲಿನ ಸಾಮಾಜಿಕ ಭದ್ರತೆಯ ವಂತಿಗೆ) ಸಂಖ್ಯೆ ಕೈಗೆ ಬರುವ ತನಕ ಕೆಲಸಕ್ಕೆ ಸೇರುವಂತಿಲ್ಲ ಎಂದು ರೂಮಿನವರು ಹೇಳಿದ್ದನ್ನು ನಂಬಿ ಐದು ವಾರ ಕೂತ. ಕೆಲಸದ ಹಕ್ಕು ಸಾಬೀತಾದರೆ ಸಾಕು, ಆ ಸಂಖ್ಯೆಗೆ ಅರ್ಜಿ ಹಾಕಿ ಕೆಲಸ ಶುರು ಮಾಡಬಹುದಿತ್ತು. ಉಳಿದ ಐದು ವಾರ ಕೆಲಸವೇ ಸಿಗಲಿಲ್ಲ. ಅದೇ ಊರಿನಲ್ಲಿ ಅದೇ ತಿಂಗಳು ಇಳಿದ ಸಾವಿರಾರು ಹುಡುಗರೂ ಅದೇ ಅಂಗಡಿಗಳ ಬಾಗಿಲು ತಟ್ಟುತ್ತಿದ್ದರು.

ಡಿಸೆಂಬರ್ ಮೊದಲ ವಾರ ಒಬ್ಬ ಪರಿಚಿತನ ಮೂಲಕ ಭಾರತೀಯ ಊಟದ ಹೋಟೆಲಿನ ಅಡುಗೆಕೋಣೆಯಲ್ಲಿ ಕೆಲಸ ಸಿಕ್ಕಿತು. ಈರುಳ್ಳಿ ಹೆಚ್ಚುವುದು, ಪಾತ್ರೆ, ರಾತ್ರಿ ನೆಲ ತೊಳೆಯುವುದು. ಮನೆಯಲ್ಲಿ ಲೋಟ ಎತ್ತಿಡದ ಹುಡುಗ ಎಂದು ತಾಯಿ ಅತ್ತರಂತೆ. ಅದು ಬಿಡಿ. ಕ್ರಿಸ್ಮಸ್ ರಜೆ ವಿಶ್ವವಿದ್ಯಾಲಯವೇ ಪ್ರಕಟಿಸಿದ ರಜೆ, ಆ ಮೂರು ವಾರ ಪೂರ್ತಿ ದುಡಿದದ್ದು ಕಾನೂನಿನ ಒಳಗೇ ಇತ್ತು. ಆ ಸಂಬಳ ನೋಡಿ ಅಪ್ಪ ನನ್ನ ಹಾಳೆಯನ್ನು ಮತ್ತೆ ಬಿಚ್ಚಿ ನೋಡಿದರಂತೆ. ಲೆಕ್ಕ ಸರಿಯಾಗೇ ಇದೆ ಎನಿಸಿರಬೇಕು.

ಗಡಿ ದಾಟಿದ್ದು ಹೇಗೆ

ಜನವರಿಯಲ್ಲಿ ತರಗತಿ, ಪರೀಕ್ಷೆ ಮರಳಿ ಬಂದವು. ಹೋಟೆಲಿನ ಯಜಮಾನ ಮಾತ್ರ ರಜೆಯ ರೋಟಾವನ್ನೇ, ಅಂದರೆ ಕೆಲಸದ ಪಾಳಿಪಟ್ಟಿಯನ್ನೇ, ಮುಂದುವರಿಸಿದ. ಗೋಡೆಯ ಮೇಲೆ 28 ಗಂಟೆ, ಪೇಸ್ಲಿಪ್‌ನಲ್ಲಿ 18. ಉಳಿದ ಹತ್ತಕ್ಕೆ ಗಂಟೆಗೆ 7 ಪೌಂಡಿನಂತೆ ಕೈಗೆ ನಗದು. ಕನಿಷ್ಠ ಕೂಲಿ 11.44 ಇರುವಾಗ 7 ಏಕೆ ಎಂದು ಹುಡುಗ ಕೇಳಲಿಲ್ಲ. ಕೇಳುವ ಸ್ಥಿತಿ ಇರಲಿಲ್ಲ ಎಂಬುದು ಯಜಮಾನನಿಗೆ ಗೊತ್ತಿತ್ತು. ವಿದ್ಯಾರ್ಥಿಗೂ ಕನಿಷ್ಠ ಕೂಲಿ, ಪೇಸ್ಲಿಪ್, ಸಂಬಳ ಸಹಿತ ರಜೆ ಎಲ್ಲವೂ ಅಲ್ಲಿನವರಷ್ಟೇ ಹಕ್ಕಿನಿಂದ ಬರುತ್ತವೆ. ಗಂಟೆಯ ಗಡಿ ದಾಟಿದವನು ಆ ಹಕ್ಕನ್ನು ಬಾಯಿಬಿಟ್ಟು ಕೇಳಲಾರ. ಅಗ್ಗದ ಕೂಲಿ ಹುಟ್ಟುವುದು ಆ ಮೌನದಲ್ಲೇ.

ಇದೇ ಹೊತ್ತಿಗೆ ಊರಿನಲ್ಲಿ ಶುಂಠಿ ಬೆಲೆ ಬಿತ್ತು. ಚೀಲಕ್ಕೆ ಕೇಳುವವರಿಲ್ಲ. ಕಿತ್ತ ಕೂಲಿಯೂ ಹುಟ್ಟುವುದಿಲ್ಲ ಎಂದು ಕೆಲವರು ನೆಲದಲ್ಲೇ ಬಿಟ್ಟರು. ಸಾಲದ ಬಡ್ಡಿ ತಿಂಗಳಿಗೆ 19 ಸಾವಿರದ ಮೇಲೆ ಏರುತ್ತಿತ್ತು. ಓದು ಮುಗಿದು ಒಂದು ವರ್ಷದ ತನಕ ಕಂತು ಕಟ್ಟಬೇಕಿಲ್ಲ ಎಂಬುದು ನಿಜ, ಆದರೆ ಬಡ್ಡಿ ನಿಲ್ಲುವುದಿಲ್ಲ. ಅಪ್ಪ ಫೋನಿನಲ್ಲಿ ದುಡ್ಡು ಕಳಿಸು ಎಂದು ಒಮ್ಮೆಯೂ ಕೇಳಲಿಲ್ಲವಂತೆ. ಶುಂಠಿ ಬೆಲೆ ಎಷ್ಟು ಎಂದಷ್ಟೇ ಹೇಳುತ್ತಿದ್ದರು. ಹುಡುಗನಿಗೆ ಅಷ್ಟು ಸಾಕಾಯಿತು.

ಫೆಬ್ರವರಿಯಲ್ಲಿ ಏಜೆನ್ಸಿಯೊಂದರ ಮೂಲಕ ಗೋದಾಮಿನಲ್ಲಿ ಶನಿವಾರದ ಹತ್ತು ಗಂಟೆಯ ಶಿಫ್ಟ್ ಹಿಡಿದ. ಇಲ್ಲಿ ಅವನ ತಲೆಯಲ್ಲಿದ್ದ ಲೆಕ್ಕ ಸ್ವಾರಸ್ಯದ್ದು. ಕಾಲೇಜಿನ ಗೆಳೆಯನೊಬ್ಬ ಆಸ್ಟ್ರೇಲಿಯಾದಲ್ಲಿದ್ದ. ಅಲ್ಲಿ ನಿಯಮ ಇರುವುದು ಹದಿನೈದು ದಿನದ ಲೆಕ್ಕದಲ್ಲಿ. 2023ರ ಜುಲೈನಿಂದ ಎರಡು ವಾರಕ್ಕೆ 48 ಗಂಟೆ. ಒಂದು ವಾರ ಹೆಚ್ಚು ಮಾಡಿ ಮುಂದಿನ ವಾರ ಕಡಿಮೆ ಮಾಡಿದರೆ ನಡೆಯುತ್ತದೆ. ಇವನೂ ಹಾಗೆಯೇ ಒಂದು ವಾರ 28, ಮುಂದಿನ ವಾರ 12, ಸರಾಸರಿ 20 ಎಂದುಕೊಂಡ. ನಗದಿನ ಗಂಟೆಗಳಂತೂ ಅವನ ಲೆಕ್ಕದಲ್ಲೇ ಇಲ್ಲ. ಬ್ರಿಟನ್ನಿನಲ್ಲಿ ವಾರ ಎಂದರೆ ಸೋಮವಾರದಿಂದ ಭಾನುವಾರ. ಸರಾಸರಿ ಇಲ್ಲ. ಎಲ್ಲ ಕೆಲಸಗಳೂ ಸೇರಿ 20. ಕೆನಡಾದಲ್ಲಿ 2024ರ ನವೆಂಬರ್‌ನಿಂದ ವಾರಕ್ಕೆ 24, ಜರ್ಮನಿಯಲ್ಲಿ ವರ್ಷಕ್ಕೆ 140 ಪೂರ್ಣ ದಿನ, ಅಮೆರಿಕದಲ್ಲಿ ಮಾಮೂಲಾಗಿ ಕ್ಯಾಂಪಸ್ ಒಳಗೆ ಮಾತ್ರ. ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಈ ನಾಲ್ಕೈದು ದೇಶದ ಕಾನೂನೂ ಒಂದೇ ಪಾತ್ರೆಯಲ್ಲಿ ಬೇಯುತ್ತಿರುತ್ತವೆ.

ಇಪ್ಪತ್ತೆರಡು ಪೌಂಡ್ ಕಡಿತ

ಇಡೀ ಪ್ರಕರಣ ತಿರುಗಿದ್ದು ಒಂದು ಟಿಕ್ ಗುರುತಿನ ಮೇಲೆ.

ಅಲ್ಲಿ ಕೆಲಸಕ್ಕೆ ಸೇರುವಾಗ ತೆರಿಗೆಗಾಗಿ ಒಂದು ಫಾರಂ ತುಂಬಬೇಕು. ಇದೇ ನಿನ್ನ ಒಂದೇ ಕೆಲಸವೇ, ಬೇರೆ ಕೆಲಸವೂ ಇದೆಯೇ ಎಂದು ಎ, ಬಿ, ಸಿ ಆಯ್ಕೆಗಳಲ್ಲಿ ಕೇಳುತ್ತದೆ. ಹುಡುಗ ಪ್ರಾಮಾಣಿಕವಾಗಿ ‘ಸಿ’ಗೆ ಗುರುತು ಹಾಕಿದ, ಅಂದರೆ ಬೇರೆ ಕೆಲಸ ಇದೆ. ಹಾಗೆ ಹಾಕಿದರೆ ಎರಡನೇ ಕೆಲಸದ ಸಂಬಳಕ್ಕೆ ಮೊದಲ ಪೌಂಡಿನಿಂದಲೇ ಶೇ. 20 ತೆರಿಗೆ ಹಿಡಿಯುತ್ತಾರೆ. 114 ಪೌಂಡ್ ಸಂಬಳದಲ್ಲಿ 22 ಪೌಂಡ್ ಚಿಲ್ಲರೆ ಹೋಯಿತು. ಹುಡುಗ ಅಪ್ಪನಿಗೆ ಹೇಳಿದ, ಅಪ್ಪ ನನಗೆ ಫೋನ್ ಮಾಡಿದರು. ತೆರಿಗೆ ಎಂದರೆ ನಾನು ತಾನೆ.

ಪೇಸ್ಲಿಪ್ ಫೋಟೊ ತರಿಸಿ ನೋಡಿ, ಹುಡುಗನಿಗೇ ಫೋನ್ ಮಾಡಿದೆ. ಅಲ್ಲಿ ವರ್ಷಕ್ಕೆ 12,570 ಪೌಂಡಿನ ತನಕ ಆದಾಯ ತೆರಿಗೆ ಇಲ್ಲ, ಈ ಹುಡುಗ ಅದರ ಹತ್ತಿರಕ್ಕೂ ಬಂದಿಲ್ಲ. ಕಡಿತವಾದದ್ದು ವಾಪಸ್ ಬರುತ್ತದೆ ಎಂದು ಹೇಳಿ ಫೋನ್ ಇಡಬಹುದಿತ್ತು. ಬಾಯಿಗೆ ಬಂದ ಪ್ರಶ್ನೆ ಬೇರೆ: “ಎರಡನೇ ಕೆಲಸದ ಕೋಡ್ ಹಾಕಿದ್ದಾರೆ. ಮೊದಲನೇದರಲ್ಲಿ ವಾರಕ್ಕೆ ಎಷ್ಟು ಗಂಟೆ?”

ಆ ಕಡೆ ಸದ್ದಿಲ್ಲ. ಆಮೇಲೆ ಹುಡುಗ ಎಲ್ಲ ಹೇಳಿದ. ಏಜೆನ್ಸಿಯವರೂ ಅದೇ ‘ಸಿ’ ನೋಡಿ ಅದೇ ಪ್ರಶ್ನೆ ಕೇಳಿದ್ದರಂತೆ. ವಿಶ್ವವಿದ್ಯಾಲಯದ ಅವಧಿ ಯಾವಾಗಿನಿಂದ ಯಾವಾಗ ಎಂಬ ಪತ್ರ ತರುವ ತನಕ ಮುಂದಿನ ಶಿಫ್ಟ್ ಇಲ್ಲ ಎಂದಿದ್ದರು. ವಿದ್ಯಾರ್ಥಿಗೆ ಕೆಲಸ ಕೊಟ್ಟವರು ಆ ದಾಖಲೆ ಇಟ್ಟುಕೊಳ್ಳಲೇಬೇಕು.

ನನ್ನ ಮೊದಲ ಸಲಹೆ ಹೇಡಿಯದು. ಒಂದು ಕೆಲಸ ಬಿಡು, ಬಾಯಿ ಬಿಡಬೇಡ ಅಂದೆ. ಫೋನ್ ಇಟ್ಟ ಮೇಲೆ ನಿದ್ದೆ ಬರಲಿಲ್ಲ. ಪೇಸ್ಲಿಪ್‌ನಲ್ಲಿರುವುದೆಲ್ಲ ಅಲ್ಲಿನ ತೆರಿಗೆ ಇಲಾಖೆಗೆ ಸಂಬಳದ ದಿನವೇ ಹೋಗುತ್ತದೆ. 18 ಮತ್ತು 10 ಸೇರಿ 28 ಎಂದು ಕೂಡಿಸಲು ದೊಡ್ಡ ಬುದ್ಧಿ ಬೇಕಿಲ್ಲ. ಇದು ವೀಸಾ ಷರತ್ತಿನ ಉಲ್ಲಂಘನೆ. ಅನುಮತಿಯನ್ನೇ ರದ್ದು ಮಾಡಬಹುದು, ಮುಂದಿನ ಅರ್ಜಿಗೂ ಅಡ್ಡ ಬರಬಹುದು. ಇನ್ನೂ ಒಂದಿತ್ತು. ಬ್ರಿಟನ್ನಿನಲ್ಲಿ ವಲಸೆ ಸಲಹೆ ಕೊಡುವುದಕ್ಕೇ ನೋಂದಣಿ ಬೇಕು, ಸಿಕ್ಕವರೆಲ್ಲ ಕೊಟ್ಟರೆ ಅಪರಾಧ. ನಾನು ಹಾಸನದ ಬಿ.ಎಂ. ರಸ್ತೆಯ ಪಕ್ಕದ ಮಹಡಿಯಲ್ಲಿ ಕೂತು ಅದನ್ನೇ ಮಾಡುತ್ತಿದ್ದೆ.

ಮರುದಿನ ನಾನೇ ಫೋನ್ ಮಾಡಿದೆ. ನಿನ್ನೆ ಹೇಳಿದ್ದು ಬಿಟ್ಟುಬಿಡು, ವಿದ್ಯಾರ್ಥಿ ಸಂಘದ ಸಲಹಾ ಕೇಂದ್ರಕ್ಕೆ ಹೋಗು ಅಂದೆ. ವಿಶ್ವವಿದ್ಯಾಲಯದ ವೀಸಾ ವಿಭಾಗ ಇದೆಯಲ್ಲ ಎಂದ. ಇದೆ, ಆದರೆ ವಿಶ್ವವಿದ್ಯಾಲಯವೇ ಅವನ ಪ್ರಾಯೋಜಕ. ಷರತ್ತು ಮುರಿದದ್ದು ಗೊತ್ತಾದರೆ ಗೃಹ ಇಲಾಖೆಗೆ ವರದಿ ಮಾಡುವ ಹೊಣೆ ಅದಕ್ಕಿದೆ. ಸಂಘದ ಸಲಹೆಗಾರರು ಸಾಮಾನ್ಯವಾಗಿ ಅದರಿಂದ ಹೊರಗಿನವರು. ಮೊದಲು ಎಲ್ಲಿ ಕೂತು ಮಾತಾಡಬೇಕು ಎಂಬುದನ್ನು ಅರಿತು ಹೋಗುವುದು ಮುಚ್ಚಿಡುವುದಲ್ಲ.

ಹೋಗುವ ಮುನ್ನ ಒಂದು ಕೆಲಸ ಮಾಡಿಸಿದೆ. ನೋಟ್‌ಬುಕ್ಕಿನಲ್ಲಿ ಡಿಸೆಂಬರ್‌ನಿಂದ ಪ್ರತಿ ಸೋಮವಾರದಿಂದ ಭಾನುವಾರಕ್ಕೆ ಒಂದು ಸಾಲು. ಪೇಸ್ಲಿಪ್ ಗಂಟೆ, ನಗದು ಗಂಟೆ, ಒಟ್ಟು. ಬರೆದಾಗ ಜನವರಿ 6ರಿಂದ ಫೆಬ್ರವರಿ 16ರ ತನಕ ಆರು ವಾರ 20ರ ಮೇಲಿದ್ದವು. ಒಂದು ವಾರ 38. ಹುಡುಗನಿಗೆ ತಾನು ಎಷ್ಟು ದುಡಿದೆ ಎಂಬುದು ಆ ಪುಟ ನೋಡಿದ ಮೇಲೆಯೇ ಗೊತ್ತಾಯಿತು. ಆ ಆರು ವಾರಗಳಲ್ಲೇ ಅವನ ಎರಡು ಪರೀಕ್ಷೆಗಳು ಇದ್ದವು, ಒಂದರಲ್ಲಿ ಫೇಲಾಗಿದ್ದ. ಅದನ್ನು ಮನೆಗೆ ಹೇಳಿರಲಿಲ್ಲ.

ಆಮೇಲೆ

ಸಲಹೆಗಾರ್ತಿ ಹೇಳಿದ್ದು ಚಿಕ್ಕದು: ಇವತ್ತಿನಿಂದ 20ರ ಒಳಗೆ, ದಾಖಲೆ ಒಂದನ್ನೂ ಎಸೆಯಬೇಡ, ಯಾರಾದರೂ ಅಧಿಕೃತವಾಗಿ ಕೇಳಿದರೆ ಸುಳ್ಳು ಹೇಳಬೇಡ, ಮುಂದೆ ಯಾವ ವೀಸಾಕ್ಕೆ ಅರ್ಜಿ ಹಾಕುವುದಿದ್ದರೂ ಮೊದಲು ನೋಂದಾಯಿತ ವಲಸೆ ಸಲಹೆಗಾರರನ್ನು ನೋಡು.

ಯಾವ ಕೆಲಸ ಬಿಡಬೇಕು ಎಂಬಲ್ಲಿ ಮನೆಯಲ್ಲಿ ಜಗಳವಾಯಿತು. ಅಡುಗೆಕೋಣೆಯಲ್ಲಿ ಎರಡು ಹೊತ್ತಿನ ಊಟವಿತ್ತು, ಕನ್ನಡ ಬರುವ ಒಬ್ಬನಿದ್ದ, ನಗದಿತ್ತು. ಗೋದಾಮಿನಲ್ಲಿ ಚಳಿ, ಸ್ಕ್ಯಾನರ್, ಎಲ್ಲ ಗಂಟೆಯೂ ಕಾಗದದ ಮೇಲೆ. ತಾಯಿ ಊಟದ ಕಡೆ ನಿಂತರು. ಹುಡುಗ ಗೋದಾಮು ಆರಿಸಿಕೊಂಡ. ನನ್ನನ್ನು ಯಾರೂ ಕೇಳಲಿಲ್ಲ, ಕೇಳದೇ ಇದ್ದದ್ದು ಸರಿಯೂ ಆಗಿತ್ತು. ಹೋಟೆಲಿನ ಯಜಮಾನ ಕೊನೆಯ ಎರಡು ವಾರದ ನಗದು 140 ಪೌಂಡ್ ಕೊಡಲಿಲ್ಲ. ಕೇಳಿದ್ದಕ್ಕೆ, ಯಾವ ಗಂಟೆ, ನಿನಗೆ ಅಷ್ಟು ಗಂಟೆ ದುಡಿಯಲು ಎಲ್ಲಿ ಅವಕಾಶ ಇದೆ ಎಂದನಂತೆ.

ವಾರಕ್ಕೆ 20 ಎಂಬುದು ಗರಿಷ್ಠ, ಅಷ್ಟು ಸಿಗುತ್ತದೆ ಎಂದಲ್ಲ ಎಂಬುದು ಆಮೇಲಿನ ತಿಂಗಳುಗಳಲ್ಲಿ ಚೆನ್ನಾಗಿ ಅರ್ಥವಾಯಿತು. ಗೋದಾಮಿನಲ್ಲಿ ಕೆಲವು ವಾರ 20, ಕೆಲವು ವಾರ 12, ಮಾರ್ಚಿನಲ್ಲಿ ಒಂದು ವಾರ ಸೊನ್ನೆ. ತಾಯಿಯ ಎರಡೆಳೆ ಸರ ಸೊಸೈಟಿಗೆ ಹೋಯಿತು. ಗುತ್ತಿಗೆ ಜಮೀನನ್ನು ಅಪ್ಪ ಆ ವರ್ಷ ಬಿಟ್ಟುಬಿಟ್ಟರು. ಏಪ್ರಿಲ್‌ನಿಂದ ಕೂಲಿ 12.21ಕ್ಕೆ ಏರಿತು. ಒಂದು ತಮಾಷೆ ಹೇಳಬೇಕು: 20 ಗಂಟೆಗೆ ಅದು 244.20 ಆಗುತ್ತದೆ, ನ್ಯಾಷನಲ್ ಇನ್ಶೂರೆನ್ಸ್ ಕಡಿತ ಶುರುವಾಗುವುದು ವಾರಕ್ಕೆ 242ರ ಮೇಲೆ. ಪೂರ್ತಿ 20 ಗಂಟೆ ಸಿಕ್ಕ ವಾರ ಹುಡುಗನಿಗೆ 18 ಪೆನ್ನಿ ಕಡಿತ. ನನ್ನ ವೃತ್ತಿಜೀವನದಲ್ಲಿ ನೋಡಿದ ಅತಿ ಸಣ್ಣ ಕಡಿತ ಅದೇ ಇರಬೇಕು.

ಜೂನ್‌ನಲ್ಲಿ ಎರಡನೇ ಪರೀಕ್ಷೆ ಬಂತು, ಪುಸ್ತಕದ್ದಲ್ಲ. ತರಗತಿ ಮುಗಿದಿತ್ತು, ಕ್ಯಾಂಪಸ್ ಖಾಲಿ. ಗೋದಾಮಿನ ಮೇಲ್ವಿಚಾರಕ ರಜೆ ಅಲ್ಲವೇ, 40 ಗಂಟೆ ತಗೋ ಎಂದ. ಪದವಿ ಓದುವ ಹುಡುಗರಿಗೆ ಅದು ರಜೆಯೇ. ಒಂದು ವರ್ಷದ ಎಂ.ಎಸ್ಸಿ.ಯವರಿಗೆ ಅಲ್ಲ. ಪ್ರಬಂಧ ಬರೆಯುವ ಆ ಮೂರು ತಿಂಗಳೂ ಓದಿನ ಅವಧಿಯೇ, 20ರ ಗಡಿ ಹಾಗೇ ಇರುತ್ತದೆ. ಈ ಸಲ ಹುಡುಗ ಯಾರನ್ನೂ ನಂಬಲಿಲ್ಲ. ವಿಭಾಗದ ಕಚೇರಿಯಿಂದ ಸೆಪ್ಟೆಂಬರ್ ತನಕ ಅವಧಿ ಎಂಬ ಪತ್ರ ತಂದು ಮೇಲ್ವಿಚಾರಕನಿಗೆ ಅವನೇ ಕೊಟ್ಟ. ಅದೇ ತಿಂಗಳು ರೂಮಿನವನೊಬ್ಬ ತನ್ನ ಫುಡ್ ಡೆಲಿವರಿ ಖಾತೆಯನ್ನು ಬಾಡಿಗೆಗೆ ಕೊಡುತ್ತೇನೆ ಎಂದಿದ್ದ. ಆ ಆ್ಯಪ್‌ಗಳ ಕೆಲಸ ಸ್ವಯಂ ಉದ್ಯೋಗ, ವಿದ್ಯಾರ್ಥಿ ವೀಸಾದಲ್ಲಿ ಒಂದು ಗಂಟೆಯೂ ಮಾಡುವಂತಿಲ್ಲ. ಇನ್ನೊಬ್ಬರ ಹೆಸರಿನಲ್ಲಿ ಮಾಡಿದರೆ ಎರಡು ತಪ್ಪು. ಅದನ್ನೂ ಬಿಟ್ಟ.

ಫೇಲಾದ ವಿಷಯ ಆಗಸ್ಟಿನಲ್ಲಿ ಪಾಸಾಯಿತು. ಸೆಪ್ಟೆಂಬರ್‌ನಲ್ಲಿ ಪ್ರಬಂಧ ಕೊಟ್ಟ. ವರ್ಷದ ಪೇಸ್ಲಿಪ್‌ಗಳ ಒಟ್ಟು ಮೊತ್ತ 7,600 ಪೌಂಡ್ ಆಸುಪಾಸು. ನನ್ನ ಹಾಳೆಯ 14,643ರ ಅರ್ಧಕ್ಕೆ ಸ್ವಲ್ಪ ಮೇಲೆ.

ನಿಂತು ಕೆಲಸ ಹುಡುಕುವುದೋ, ವಾಪಸೋ ಎಂಬುದು ಕೊನೆಯ ತೀರ್ಮಾನ. ಓದು ಮುಗಿಸಿದವರಿಗೆ ಎರಡು ವರ್ಷ ಗಂಟೆಯ ಮಿತಿ ಇಲ್ಲದೆ ದುಡಿಯಲು 2025ರ ಆ ಹೊತ್ತಿಗೆ ಗ್ರಾಜುಯೇಟ್ ವೀಸಾ ಇತ್ತು. ಅದಕ್ಕೆ ಆಗ ಅರ್ಜಿ ಶುಲ್ಕ 880, ಆರೋಗ್ಯ ಶುಲ್ಕ ಎರಡು ವರ್ಷಕ್ಕೆ 2,070, ಒಟ್ಟು 2,950 ಪೌಂಡ್. ಅಪ್ಪ ನಿಲ್ಲಲಿ ಅಂದರು, ಸಾಲ ತೀರುವುದು ಅಲ್ಲೇ ಎಂಬುದು ಅವರ ವಾದ. ಹುಡುಗ ಮೂರೂವರೆ ಲಕ್ಷ ಮತ್ತೆ ಸಾಲ ಮಾಡಿ, ಆರು ವಾರದ ಆ ನೋಟ್‌ಬುಕ್ ಜೊತೆಗಿಟ್ಟುಕೊಂಡು, ಸಿಗುತ್ತದೋ ಇಲ್ಲವೋ ಎಂಬ ಕೆಲಸಕ್ಕೆ ಕಾಯಲಾರೆ ಅಂದ. ನೋಂದಾಯಿತ ಸಲಹೆಗಾರರು ಅರ್ಜಿ ಹಾಕಬೇಡ ಎಂದೇನೂ ಹೇಳಿರಲಿಲ್ಲ, ಅಪಾಯ ಎಷ್ಟು ಎಂದು ಬಿಡಿಸಿ ಹೇಳಿದ್ದರು ಅಷ್ಟೇ. ಡಿಸೆಂಬರ್‌ನಲ್ಲಿ ಬಂದ. ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಅದು ಸರಿಯಾದ ತೀರ್ಮಾನವೇ ಎಂದು ಅಪ್ಪ ನನ್ನನ್ನು ಇನ್ನೂ ಕೇಳುತ್ತಾರೆ. ಬ್ಯಾಂಕಿನ ಕಂತು ಶುರುವಾಗುವ ತನಕ ಆ ಪ್ರಶ್ನೆಗೆ ಉತ್ತರ ಹೇಳುವುದು ಸುಲಭ.

ಈ ಪ್ರಕರಣವನ್ನು ಹುಡುಗನ ಆಸೆಬುರುಕತನ ಎಂದು ಓದುವವರಿದ್ದಾರೆ. ಕೆಲವರು ನನ್ನ ಎದುರೇ ಹಾಗೆಂದರು. ನನಗೆ ಹಾಗೆ ಕಾಣುವುದಿಲ್ಲ. ಗಡಿ ದಾಟಿದ್ದು ಜನವರಿಯಲ್ಲಿ, ಆದರೆ ದಾಟಲೇಬೇಕಾದ ಹಾಗೆ ಮಾಡಿದ್ದು ಹಿಂದಿನ ಜೂನ್‌ನಲ್ಲಿ, ಹಾಸನದಲ್ಲಿ, ಆರು ಲಕ್ಷ ಖಾತೆಗೆ ಬಂದು ಹೋದ ದಿನ ಮತ್ತು ಆ ಖಾಲಿ ಜಾಗದ ಮೇಲೆ ನಾನು 1,280 ಗಂಟೆ ಬರೆದ ದಿನ. ಆ ದಿನ ‘ಕೆಲಸದಿಂದ’ ಎಂಬ ಸಾಲಿನಲ್ಲಿ ಸೊನ್ನೆ ಬರೆದಿದ್ದರೆ ಬಹುಶಃ ಇವರು ಒಂದು ವರ್ಷ ತಡೆಯುತ್ತಿದ್ದರು, ಇಲ್ಲ ಫೀಸು ಕಡಿಮೆ ಇರುವ ಕಡೆ ನೋಡುತ್ತಿದ್ದರು. ಈಗ ಬರುವವರಿಗೆ ಸೊನ್ನೆಯನ್ನೇ ಬರೆದುಕೊಡುತ್ತೇನೆ. ಇಬ್ಬರು ಎದ್ದು ಬೇರೆ ಕಡೆ ಹೋದರು.

ಹೆಚ್ಚು ಹಿಡಿದಿದ್ದ 45 ಪೌಂಡ್ ತೆರಿಗೆ ಕೋಡ್ ಸರಿಯಾದ ಮೇಲೆ ಸಂಬಳದಲ್ಲೇ ವಾಪಸ್ ಬಂತು. 140 ಬರಲಿಲ್ಲ. ಅಡುಗೆಕೋಣೆಯ ಗೋಡೆಯ ಮೇಲಿದ್ದ ಆ ರೋಟಾದ ಫೋಟೊ ಹುಡುಗನ ಮೊಬೈಲಿನಲ್ಲಿ ಇನ್ನೂ ಇದೆ. ಹೋದ ತಿಂಗಳು ರಿಟರ್ನ್ ವಿಚಾರಕ್ಕೆ ಬಂದವನು ಅದನ್ನು ನನಗೆ ತೋರಿಸಿ, “ಇದನ್ನ ಎಲ್ಲಿ ತೋರಿಸ್ಬೇಕು ಸಾರ್?” ಅಂದ. ಬಾರದ ಹಣಕ್ಕೆ ಫಾರಂನಲ್ಲಿ ಕಾಲಂ ಇಲ್ಲ ಕಣಪ್ಪ ಅಂದೆ. ನಕ್ಕ, ಫೋಟೊ ಅಳಿಸಲಿಲ್ಲ.